ಪಾದ ಊದುವ ಮೊದಲೇ: ಮೂತ್ರಪಿಂಡವನ್ನು ಉಳಿಸಿಕೊಳ್ಳುವ ಬಗೆ

ಡಯಾಲಿಸಿಸ್ ಘಟಕದ ಹೊರಗೆ ಬೆಂಚಿನ ಮೇಲೆ ಕುಳಿತವರನ್ನು ಮಾತನಾಡಿಸಿದರೆ ಮತ್ತೆ ಮತ್ತೆ ಕೇಳಿಬರುವುದು ಒಂದೇ ಮಾತು: "ಏನೂ ಗೊತ್ತೇ ಆಗಲಿಲ್ಲ. ಕಾಲು ಊದಿಕೊಂಡಿದೆ ಅಂತ ತೋರಿಸೋಕೆ ಬಂದ್ವಿ, ಎರಡೂ ಕಿಡ್ನಿ ಹೋಗಿದೆ ಅಂದ್ರು." ಆ ಮಾತಿನಲ್ಲಿ ಸುಳ್ಳಿಲ್ಲ. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸಿ, ಉಳಿದುದನ್ನೆಲ್ಲ ರಕ್ತಕ್ಕೆ ಹಿಂತಿರುಗಿಸುತ್ತವೆ. ಈ ಘಟಕಗಳಲ್ಲಿ ಅರ್ಧದಷ್ಟು ಸತ್ತರೂ ಉಳಿದವು ಅವುಗಳ ಕೆಲಸವನ್ನು ಹೊತ್ತುಕೊಳ್ಳುವುದರಿಂದ ನೋವಾಗಲಿ, ಸುಸ್ತಾಗಲಿ ಕಾಣಿಸಿಕೊಳ್ಳುವುದಿಲ್ಲ. ಪಾದ ಊದುವುದು, ಊಟ ಸೇರದಿರುವುದು, ವಾಂತಿ, ತುರಿಕೆ, ಏದುಸಿರು ಇವೆಲ್ಲ ಬಹಳ ತಡವಾಗಿ ಬರುವ ಚಿಹ್ನೆಗಳು. ಸತ್ತ ಘಟಕ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಲಕ್ಷಣಗಳಿಗೆ ಕಾಯದೆ, ಪರೀಕ್ಷೆಯ ಹೆಸರನ್ನು ಹೇಳಿ ಕೇಳಿ ಮಾಡಿಸಿಕೊಳ್ಳುವುದೇ ಈ ವಿಷಯದಲ್ಲಿ ಮೊದಲ ಕೆಲಸ.

ಕೇಳಿ ಮಾಡಿಸಿಕೊಳ್ಳಬೇಕಾದ ಎರಡು ಪರೀಕ್ಷೆಗಳು

ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ರಕ್ತದ ಸಕ್ಕರೆಯನ್ನು ನೋಡಿಸುತ್ತಾರೆ. ಆದರೆ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂಬುದನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಮೂತ್ರಪಿಂಡಕ್ಕೆ ಏಟು ಬೀಳುತ್ತಿರುವುದನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಈ ಸೋರಿಕೆಯೇ. ಬೆಳಗಿನ ಮೂತ್ರದಲ್ಲಿ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ಒಂದು ತ್ಯಾಜ್ಯ) ಇವೆರಡರ ಅನುಪಾತವನ್ನು ಅಳೆದಾಗ ಅದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ನಡುವೆ ಇದ್ದರೆ ಎಚ್ಚರಿಕೆಯ ಗಂಟೆ. 300 ದಾಟಿದ್ದರೆ ಹಾನಿ ಮುಂದುವರಿದಿದೆ ಎಂದರ್ಥ. ಈ ಅನುಪಾತದ ಪರೀಕ್ಷೆ ಹತ್ತಿರದಲ್ಲಿ ಸಿಗದಿದ್ದರೆ, ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿಯ ಪರೀಕ್ಷೆಯಾದರೂ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಎರಡನೆಯದು ರಕ್ತದ ಕ್ರಿಯಾಟಿನಿನ್. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಲ್ಯಾಬಿನ ಚೀಟಿಯಲ್ಲಿ 1.2 ಎಂದು ಬಂದು, ಪಕ್ಕದಲ್ಲಿ ಅದು ಸಹಜ ಮಿತಿಯೊಳಗೇ ಇದೆ ಎಂದು ಅಚ್ಚಾಗಿದ್ದರೆ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ, ಸ್ನಾಯು ಕಡಿಮೆ ಇರುವವರಲ್ಲಿ ಅದು ಹುಟ್ಟುವುದೇ ಕಡಿಮೆ. 30 ವರ್ಷದ ಗಂಡಸಿಗೆ 1.2 ಇದ್ದರೆ ಸೋಸುವ ಶಕ್ತಿ ನಿಮಿಷಕ್ಕೆ 80 ಮಿಲಿಲೀಟರಿಗಿಂತ ಮೇಲೇ ಇರುತ್ತದೆ, ಅದೇ 1.2 ಅಂಕಿ 65 ವರ್ಷದ ಹೆಂಗಸಿನದಾದರೆ ಆಕೆಯ ಸೋಸುವ ಶಕ್ತಿ ಸುಮಾರು 50ಕ್ಕೆ ಇಳಿದಿರುತ್ತದೆ. ಆದ್ದರಿಂದ ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡದೆ, ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಎಷ್ಟು ಎಂದು ವೈದ್ಯರನ್ನು ಕೇಳಬೇಕು. ಅದು 60ಕ್ಕಿಂತ ಕೆಳಗೆ ಮೂರು ತಿಂಗಳು ನಿಂತರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎಂದೂ, 15ಕ್ಕಿಂತ ಕೆಳಗಿಳಿದರೆ ವೈಫಲ್ಯ ಎಂದೂ ಕರೆಯುತ್ತಾರೆ. ಒಂದು ಸಲ ಕೆಟ್ಟ ಅಂಕಿ ಬಂದ ಮಾತ್ರಕ್ಕೆ ಎದೆಗೆಡಬೇಕಾಗಿಲ್ಲ, ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, 60 ದಾಟಿದವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಬಂದಿರುವವರು, ಪದೇಪದೇ ಕಲ್ಲಾಗುವವರು, ಬಸುರಿನಲ್ಲಿ ಬಿಪಿ ಏರಿದ್ದ ಹೆಂಗಸರು, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದವರು ಈ ಎರಡನ್ನೂ ವರ್ಷಕ್ಕೊಮ್ಮೆ ಮಾಡಿಸಲೇಬೇಕು. 30 ವರ್ಷ ದಾಟಿದ ಎಲ್ಲರಿಗೂ ಬಿಪಿ ಮತ್ತು ಸಕ್ಕರೆಯ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಅಲ್ಲಿಂದ ಮುಂದಕ್ಕೆ ತಾಲ್ಲೂಕು ಆಸ್ಪತ್ರೆ, ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಿವೆ. ಪರೀಕ್ಷೆಯ ಚೀಟಿಗಳನ್ನು ಎಸೆಯದೆ ದಿನಾಂಕದ ಕ್ರಮದಲ್ಲಿ ಒಂದು ಚೀಲದಲ್ಲಿಡಬೇಕು. ಕ್ರಿಯಾಟಿನಿನ್ ಈ ವರ್ಷ ಎಷ್ಟಿದೆ ಎಂಬುದಕ್ಕಿಂತ ಮೂರು ವರ್ಷಗಳಿಂದ ಯಾವ ಕಡೆಗೆ ನಡೆದಿದೆ ಎಂಬುದು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಬಿಪಿ, ಸಕ್ಕರೆ ಮತ್ತು ಅಡುಗೆಮನೆಯ ಉಪ್ಪು

ಮೂತ್ರಪಿಂಡ ಕೆಡಲು ಅತಿ ದೊಡ್ಡ ಕಾರಣ ಸಕ್ಕರೆ ಕಾಯಿಲೆ, ಅದರ ಬೆನ್ನಿಗೇ ಬರುವುದು ಅಧಿಕ ರಕ್ತದೊತ್ತಡ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಹೆಚ್ಚಿನವರಿಗೆ ಶೇಕಡಾ 7ರ ಆಸುಪಾಸಿನಲ್ಲಿರಬೇಕು. ಮೂತ್ರದಲ್ಲಿ ಪ್ರೋಟೀನು ಸೋರುವವರ ಬಿಪಿ 130/80ರ ಒಳಗಿರುವುದು ಒಳ್ಳೆಯದು. ಬಸ್ಸಿಳಿದು ಓಡಿಬಂದು, ಕಾಫಿ ಕುಡಿದು, ಬೀಡಿ ಸೇದಿ ಆ ಕೂಡಲೇ ನೋಡಿಸಿಕೊಂಡ ಬಿಪಿಯನ್ನು ನಂಬುವಂತಿಲ್ಲ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಎರಡು ಸಲ ಅಳೆಸಬೇಕು. ಬಿಪಿ ಸರಿಹೋಯಿತೆಂದು ಮಾತ್ರೆ ನಿಲ್ಲಿಸುವುದು ನಮ್ಮಲ್ಲಿ ಬೇರೂರಿರುವ ತಪ್ಪು. ಸರಿಹೋಗಿರುವುದು ಮಾತ್ರೆಯಿಂದಲೇ ಎಂಬುದನ್ನು ಹಿರಿಯರಿಗೆ ತಾಳ್ಮೆಯಿಂದ ಬಿಡಿಸಿ ಹೇಳಬೇಕು. ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಜಾತಿಯ ಮಾತ್ರೆಗಳು ಬಿಪಿ ಇಳಿಸುವುದರ ಜೊತೆಗೆ ಪ್ರೋಟೀನಿನ ಸೋರಿಕೆಯನ್ನೂ ತಗ್ಗಿಸುತ್ತವೆ. ಇವನ್ನು ಆರಂಭಿಸಿದ ಎರಡರಿಂದ ನಾಲ್ಕು ವಾರಗಳೊಳಗೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಬೇಕು, ಬಸುರಿಯರು ಇವನ್ನು ಸೇವಿಸಬಾರದು. ಡಾಪಾಗ್ಲಿಫ್ಲೋಜಿನ್ ಎಂಬ ಮತ್ತೊಂದು ಔಷಧ ಮೂತ್ರಪಿಂಡದ ಇಳಿತವನ್ನು ನಿಧಾನಗೊಳಿಸುತ್ತದೆ. ಭಾರತದಲ್ಲಿ ಅದರ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಹಲವು ಕಂಪನಿಗಳು ತಯಾರಿಸಲು ತೊಡಗಿ ಬೆಲೆ ಬಹಳ ಇಳಿದಿರುವುದರಿಂದ, ತಮಗೆ ಅದು ಹೊಂದುತ್ತದೆಯೇ ಎಂದು ಸಕ್ಕರೆ ಕಾಯಿಲೆಯವರು ವೈದ್ಯರನ್ನು ಸಂಕೋಚವಿಲ್ಲದೆ ಕೇಳಬಹುದು.

ಉಪ್ಪಿನ ಮಾತಿಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರಿಗೆ ಹಾಕುವ ಉಪ್ಪನ್ನು ಯಾರೂ ತೂಗಿ ಹಾಕುವುದಿಲ್ಲವಾದ್ದರಿಂದ ಲೆಕ್ಕವನ್ನು ಬೇರೆ ಕಡೆಯಿಂದ ಹಿಡಿಯುವುದು ಸುಲಭ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪಿನ ಪೊಟ್ಟಣ 50 ದಿನಗಳಾದರೂ ಬರಬೇಕು. ತಿಂಗಳಿಗೆ ಮೊದಲೇ ಖಾಲಿಯಾಗುತ್ತಿದ್ದರೆ ಉಪ್ಪು ಅತಿಯಾಗುತ್ತಿದೆ. ಪೊಟ್ಟಣದ ಮೇಲೆ ಒಡೆದ ದಿನಾಂಕವನ್ನು ಬರೆದಿಟ್ಟರೆ ಸಾಕು. ನಮ್ಮ ಕಡೆಯ ಉಪ್ಸಾರನ್ನು ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಬಿಡಬೇಕಾದ ಅಗತ್ಯವೂ ಇಲ್ಲ. ಸೊಪ್ಪು, ಕಾಳು ಬಸಿದ ನೀರಿಗೆ ಉಪ್ಪನ್ನು ಅರ್ಧಕ್ಕಿಳಿಸಿ, ಜೊತೆಗೆ ಕಲಸಿಕೊಳ್ಳುವ ಖಾರದಲ್ಲಿ ಉಪ್ಪನ್ನು ಕಡಿಮೆ ಮಾಡಿ ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣನ್ನು ತುಸು ಹೆಚ್ಚಿಸಿದರೆ ಎರಡು ಮೂರು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ರಾಗಿ ಮುದ್ದೆಗೆ ಉಪ್ಪು ಹಾಕದಿರುವುದು ಎಷ್ಟೋ ಮನೆಗಳಲ್ಲಿ ಈಗಲೂ ಇರುವ ಒಳ್ಳೆಯ ರೂಢಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು, ಬೇಕರಿಯ ಖಾರದ ತಿನಿಸು ಇವುಗಳಲ್ಲಿ ಕಣ್ಣಿಗೆ ಕಾಣದ ಉಪ್ಪು ಅಡಗಿರುತ್ತದೆ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಸೇರಿರುವುದರಿಂದ, ಈಗಾಗಲೇ ಮೂತ್ರಪಿಂಡ ಕುಗ್ಗಿರುವವರಿಗೆ ಅದು ಅಪಾಯಕಾರಿ.

ನೋವಿನ ಮಾತ್ರೆ

ನಮ್ಮ ದೊಡ್ಡಪ್ಪನವರಿಗೆ ಮಂಡಿನೋವು. ಗದ್ದೆ ಕೆಲಸ ಮುಗಿಸಿ ಬರುವಾಗ ಮೆಡಿಕಲ್ ಸ್ಟೋರಿನಲ್ಲಿ ಹಾಳೆಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಿದ್ದರು. ಚೀಟಿ ಕೇಳುತ್ತಿರಲಿಲ್ಲ, ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂದೂ ಕೇಳುತ್ತಿರಲಿಲ್ಲ. ಹಾಗೆ ಆರೇಳು ವರ್ಷ ನಡೆಯಿತು. ಅವರಿಗೆ ಬಿಪಿಯೂ ಇತ್ತು. ಕೊನೆಗೆ ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗುವಂತಾಯಿತು. ಈ ಭಾಗವನ್ನು ಬರೆಯುವಾಗ ಅವರ ಮುಖವೇ ಕಣ್ಣ ಮುಂದಿದೆ.

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಮುಂತಾದ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ಹರಿಸುವ ನಾಳಗಳನ್ನು ಕಿರಿದುಗೊಳಿಸುತ್ತವೆ. ಆರೋಗ್ಯವಂತರು ವೈದ್ಯರು ಹೇಳಿದಂತೆ ಎರಡು ಮೂರು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಬಿಪಿ, ಸಕ್ಕರೆ ಇರುವವರು, ವಯಸ್ಸಾದವರು, ಬೇಸಗೆಯಲ್ಲಿ ಬೆವರು ಸುರಿಸಿ ದುಡಿಯುವವರು ನುಂಗಿದರೆ, ಅದರಲ್ಲೂ ಎನಲಾಪ್ರಿಲ್ ಜಾತಿಯ ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಎರಡರ ಮೇಲೆ ಇದೂ ಸೇರಿದರೆ, ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೈಕೊಡಬಹುದು. ಮಾತ್ರೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿಸಿಕೊಳ್ಳಬೇಕು. "ಬರೀ ಪ್ಯಾರಾಸಿಟಮಾಲ್" ಎಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅಸಿಕ್ಲೋಫೆನಾಕ್ ಕೂಡ ಬೆರೆತಿರುತ್ತದೆ. ಮೂತ್ರಪಿಂಡದ ಮಟ್ಟಿಗೆ, ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಒಂದೇ ಇರುವ ಮಾತ್ರೆ ಹೆಚ್ಚು ಸುರಕ್ಷಿತ. ಮಂಡಿಗೆ ಬಿಸಿನೀರಿನ ಶಾಖ, ಹಚ್ಚುವ ಮುಲಾಮು, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಇವನ್ನು ಮೊದಲು ನೋಡಬೇಕು. ಏನೇನು ಸೇರಿದೆಯೆಂದು ಹೇಳದ ನಾಟಿ ಪುಡಿ, ಭಸ್ಮಗಳಲ್ಲಿ ಪಾದರಸ, ಸೀಸದಂತಹ ಲೋಹಗಳು ಇರುವುದುಂಟಾದ್ದರಿಂದ ಅವುಗಳಿಂದಲೂ ದೂರವಿರಬೇಕು.

ಬಿಸಿಲು, ಬೆಂಕಿ, ನೀರು

ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲದ ಯುವಕರು, ಹೆಚ್ಚಾಗಿ ಕಬ್ಬು ಕಡಿಯುವವರು, ಮೂತ್ರಪಿಂಡ ವೈಫಲ್ಯದಿಂದ ಸಾಯತೊಡಗಿದಾಗ ಪದೇಪದೇ ಆಗುವ ನಿರ್ಜಲೀಕರಣ ಮತ್ತು ತೀವ್ರ ಬಿಸಿಲಿನ ದುಡಿಮೆಯ ಕಡೆಗೆ ಸಂಶೋಧಕರ ಗಮನ ಹರಿಯಿತು. ಆಂಧ್ರದ ಉದ್ದಾನಂ ಪ್ರದೇಶದಲ್ಲಿ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತದಲ್ಲಿ ಕೂಡ ರೈತರಲ್ಲಿ ಇಂಥದೇ ಕಾಯಿಲೆ ಕಂಡಿದೆ. ಮಂಡ್ಯದಲ್ಲಿ ಅದೇ ಕಾಯಿಲೆ ಹರಡಿದೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಕಬ್ಬಿನ ಗದ್ದೆಯಲ್ಲಿ ಮಧ್ಯಾಹ್ನದವರೆಗೂ ಕತ್ತಿ ಬೀಸುವವರು, ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ನಿಲ್ಲುವವರು, ಒಲೆಗೆ ಕಬ್ಬಿನ ಸಿಪ್ಪೆ ತುಂಬುವವರು ನಮ್ಮ ನಡುವೆಯೇ ಇದ್ದಾರೆ. ಅಲ್ಲಿನವರು ಕಂಡುಕೊಂಡ ನೀರು, ನೆರಳು, ವಿಶ್ರಾಂತಿ ಎಂಬ ಮೂರನ್ನು ನಾವು ಇಲ್ಲಿ ತಕ್ಷಣವೇ ಅಳವಡಿಸಿಕೊಳ್ಳಬಹುದು. ಕಟಾವನ್ನು ನಸುಕಿನಲ್ಲೇ ಆರಂಭಿಸಿ ಸುಡುಬಿಸಿಲಿಗೆ ಮುನ್ನ ನಿಲ್ಲಿಸುವುದು, ಬದುವಿನ ಮರದ ಕೆಳಗೆ ಕುಡಿಯುವ ನೀರಿನ ಬಿಂದಿಗೆ ಇಡುವುದು, ಬಾಯಾರಿಕೆಗೆ ಕಾಯದೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯುವುದು, ಗಂಟೆಗೊಮ್ಮೆ ನೆರಳಿಗೆ ಬರುವುದು ಇವೆಲ್ಲ ಆಳುಗಳಿಗೆ ಬಿಟ್ಟ ವಿಷಯವಲ್ಲ. ಜಮೀನಿನ ಮತ್ತು ಆಲೆಮನೆಯ ಯಜಮಾನರು ಮಾಡಬೇಕಾದ ಏರ್ಪಾಡು. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಸಾಲದು. ಮೈಕೈ ನೋವೆಂದು ಸಂಜೆ ನೋವಿನ ಮಾತ್ರೆ ನುಂಗಿ ಮರುದಿನ ಮತ್ತೆ ಬಿಸಿಲಿಗಿಳಿಯುವುದು ಎಲ್ಲಕ್ಕಿಂತ ಕೆಟ್ಟ ಜೋಡಿ.

ವಾಂತಿ ಭೇದಿಯಾದಾಗ ಕೂಡಲೇ ಓಆರ್‌ಎಸ್ ಆರಂಭಿಸಬೇಕು. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ, ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಆ ಎರಡು ಮೂರು ದಿನ ಅವುಗಳಲ್ಲಿ ಯಾವುದನ್ನು ತಡೆಹಿಡಿಯಬೇಕೆಂದು ವೈದ್ಯರಿಗೆ ಫೋನ್ ಮಾಡಿಯಾದರೂ ಕೇಳಬೇಕು.

ಗದ್ದೆಯ ಬದುಕಿನಲ್ಲಿ ಇನ್ನೆರಡು ಅಪಾಯಗಳಿವೆ. ಕೊಳಕುಮಂಡಲ ಕಚ್ಚಿದರೆ ಅದರ ವಿಷ ಮೂತ್ರಪಿಂಡವನ್ನು ನೇರವಾಗಿ ಹೊಡೆಯುತ್ತದೆ. ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಹೊತ್ತು ಕಳೆಯದೆ, ಕಚ್ಚಿದ ಕೈಕಾಲನ್ನು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಬೇಕು. ಬದುಕಿ ಮನೆಗೆ ಬಂದವರಿಗೂ ಮೂರು ತಿಂಗಳಾದ ಮೇಲೆ ಕ್ರಿಯಾಟಿನಿನ್ ಮಾಡಿಸಬೇಕು. ಇಲಿಜ್ವರ ಕೆಸರುನೀರಿನಿಂದ, ಕಾಲಿನ ಗಾಯದ ಮೂಲಕ ಬರುತ್ತದೆ. ನಾಟಿಯ ದಿನಗಳಲ್ಲಿ ಜ್ವರದ ಜೊತೆಗೆ ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಗದ್ದೆಗೆ ಇಳಿದಿದ್ದುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಬಸುರಿಯರ ಆರೈಕೆಯೂ ಈ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಸೋಸುಘಟಕಗಳ ಸಂಖ್ಯೆ ಹುಟ್ಟುವ ಮೊದಲೇ ತೀರ್ಮಾನವಾಗುತ್ತದೆ ಮತ್ತು ತೂಕ ಕಡಿಮೆಯಿರುವ ಶಿಶುಗಳಲ್ಲಿ ಅವು ಕಡಿಮೆ ಇರುತ್ತವೆ. ಬೀಡಿ, ಸಿಗರೇಟುಗಳನ್ನು ಬಿಡಬೇಕೆಂಬುದಕ್ಕೆ ಹೆಚ್ಚಿನ ವಿವರಣೆ ಬೇಡ.

ಪರೀಕ್ಷೆಯಲ್ಲಿ ಕಾಯಿಲೆ ಕಂಡಿದ್ದರೆ

ಆಗ ಕೆಲವು ಸಲಹೆಗಳು ತಿರುವುಮುರುವಾಗುತ್ತವೆ. ಆರೋಗ್ಯವಂತರಿಗೆ ಒಳ್ಳೆಯದಾದ ಮದ್ದೂರಿನ ಎಳನೀರು, ನಂಜನಗೂಡಿನ ರಸಬಾಳೆ, ಹಣ್ಣಿನ ರಸ ಇವುಗಳಲ್ಲಿರುವ ಪೊಟ್ಯಾಸಿಯಂ ಮೂತ್ರಪಿಂಡ ಬಹಳ ಕುಗ್ಗಿದವರಲ್ಲಿ ಹೃದಯದ ಬಡಿತವನ್ನೇ ಕೆಡಿಸಬಹುದು. ಕಮರಾಕ್ಷಿ ಹಣ್ಣನ್ನಂತೂ ಅಂಥವರು ಬಾಯಿಗೆ ಹಾಕಲೇಬಾರದು. "ನೀರು ಹೆಚ್ಚು ಕುಡಿಯಿರಿ" ಎಂಬ ಮಾತು ಊತ ಇರುವವರಿಗೆ ಅನ್ವಯಿಸುವುದಿಲ್ಲ, ಎಷ್ಟು ಕುಡಿಯಬೇಕೆಂದು ಅವರವರ ವೈದ್ಯರೇ ಹೇಳಬೇಕು. ಸ್ಕ್ಯಾನಿಂಗಿಗೆ ರಕ್ತನಾಳದೊಳಗೆ ಬಣ್ಣದ ಔಷಧ ಚುಚ್ಚುವ ಮೊದಲು ತಮ್ಮ ಕ್ರಿಯಾಟಿನಿನ್ ಎಷ್ಟೆಂದು ಬಾಯಿಬಿಟ್ಟು ಹೇಳಬೇಕು. ಇಜಿಎಫ್‌ಆರ್ 30ಕ್ಕಿಂತ ಕೆಳಗೆ ಬಂದವರು ಮೂತ್ರಪಿಂಡ ತಜ್ಞರನ್ನು ಕಂಡು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಬಲಗೈಯಲ್ಲಿ ಕೆಲಸ ಮಾಡುವವರು ಎಡಗೈಯ ನರಗಳಿಂದ ರಕ್ತ ತೆಗೆಯಲು, ಗ್ಲೂಕೋಸ್ ಏರಿಸಲು ಬಿಡಬಾರದು. ಮುಂದೊಂದು ದಿನ ಡಯಾಲಿಸಿಸ್ ಬೇಕೇ ಆದರೆ ಫಿಸ್ಟುಲಾ (ಯಂತ್ರಕ್ಕೆ ರಕ್ತ ಹರಿಸಲು ಕೈಯ ಎರಡು ರಕ್ತನಾಳಗಳನ್ನು ಜೋಡಿಸುವುದು) ಮಾಡಲು ಆ ಕೈಯ ರಕ್ತನಾಳ ಕೆಡದೆ ಉಳಿದಿರಬೇಕಾಗುತ್ತದೆ.