ಸಂಬಳದಲ್ಲಿ ಪಿಎಫ್, ಇಎಸ್‌ಐ ಹಿಡಿಯುವುದು ಹೇಗೆ?

ಸಣ್ಣ ಘಟಕ ನಡೆಸುವವರು ಮೊದಲು ಮಾಡಬೇಕಾದದ್ದು ತಲೆ ಎಣಿಕೆ. 10 ಮಂದಿ ಆದರೆ ಇಎಸ್‌ಐ (ನೌಕರರ ರಾಜ್ಯ ವಿಮೆ), 20 ಮಂದಿ ಆದರೆ ಪಿಎಫ್ (ಭವಿಷ್ಯ ನಿಧಿ) ಕೂಡ ಕಡ್ಡಾಯ. ಗುತ್ತಿಗೆದಾರ ಕಳಿಸಿದವರನ್ನೂ ದಿನಗೂಲಿಯವರನ್ನೂ ಸೇರಿಸಿಯೇ ಎಣಿಸಿ. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಕಡಿಮೆಯಾದರೂ ಹೊಣೆ ತಪ್ಪುವುದಿಲ್ಲ.

ನಂತರ ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮುಖ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆ. ಪಿಎಫ್ ಉಳಿಸಲು ಮೂಲ ವೇತನವನ್ನು ಚಿಕ್ಕದಾಗಿಸಿ ಉಳಿದದ್ದನ್ನೆಲ್ಲ ಭತ್ಯೆ ಎಂದು ತೋರಿಸುವ ಹಳೆಯ ಚಾಳಿ ಇನ್ನು ನಡೆಯದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ.

ಈಗ ಲೆಕ್ಕ. ಒಬ್ಬ ಟೈಲರ್‌ಗೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 14,800 ರೂಪಾಯಿ ಎಂದಿಟ್ಟುಕೊಳ್ಳಿ. ಬೇರೆ ಭತ್ಯೆ ಇಲ್ಲ. ಪಿಎಫ್‌ಗೆ ಶೇ 12ರಂತೆ 1,776, ಇಎಸ್‌ಐಗೆ ಶೇ 0.75ರಂತೆ 111 ರೂಪಾಯಿ ಹಿಡಿಯಬೇಕು. ಅವರ ಕೈಗೆ 12,913. ಮಾಲೀಕರು ತಮ್ಮ ಪಾಲಿನಿಂದ ಪಿಎಫ್‌ಗೆ ಮತ್ತೆ 1,776 ಸೇರಿಸಬೇಕು. ಅದರಲ್ಲಿ 1,233 ಪಿಂಚಣಿಗೆ, 543 ಭವಿಷ್ಯ ನಿಧಿಗೆ ಹೋಗುತ್ತದೆ. ಪಿಎಫ್ ಜೊತೆಗಿರುವ ಜೀವ ವಿಮೆಗೆ 74, ಪಿಎಫ್ ಆಡಳಿತ ಶುಲ್ಕ 74, ಇಎಸ್‌ಐಗೆ ಶೇ 3.25ರಂತೆ 481. ಒಟ್ಟು 2,405 ರೂಪಾಯಿ ಮಾಲೀಕರ ಜೇಬಿನದು. ಇದನ್ನು ಕಾರ್ಮಿಕರ ಸಂಬಳದಲ್ಲಿ ಮುರಿದುಕೊಳ್ಳುವುದು ಕಾನೂನುಬಾಹಿರ, ಅನ್ಯಾಯ ಕೂಡ.

ಇಎಸ್‌ಐಗೆ ಒಳಪಡುವ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಜುಲೈನಲ್ಲಿ ಸಂಬಳ ಏರಿ ಮಿತಿ ದಾಟಿತೆಂದು ಆಗಲೇ ನಿಲ್ಲಿಸಬೇಡಿ; ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇರುವುದರಿಂದ ಸೆಪ್ಟೆಂಬರ್ ಮುಗಿಯುವವರೆಗೂ ಹಿಡಿಯಬೇಕು. ಇವೆರಡರ ಜೊತೆಗೆ, ಕರ್ನಾಟಕದಲ್ಲಿ 25,000 ಮತ್ತು ಮೇಲ್ಪಟ್ಟ ಸಂಬಳದಲ್ಲಿ ವೃತ್ತಿ ತೆರಿಗೆಯನ್ನೂ ಹಿಡಿಯಬೇಕು: ತಿಂಗಳಿಗೆ 200, ಫೆಬ್ರವರಿಯಲ್ಲಿ 300.

ಪಿಎಫ್, ಇಎಸ್‌ಐ ಎರಡಕ್ಕೂ ಮುಂದಿನ ತಿಂಗಳ 15 ಕೊನೆಯ ದಿನ. ಆನ್‌ಲೈನ್‌ನಲ್ಲಿ ತಿಂಗಳ ವಿವರ ತುಂಬಿ, ಚಲನ್ ತೆಗೆದು ಕಟ್ಟಿ. ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ ಬೀಳುತ್ತದೆ, ದಂಡ ಬೇರೆ. 15ರವರೆಗೆ ಕಾಯದೆ ಸಂಬಳ ಕೊಟ್ಟ ದಿನವೇ ಆ ಮೊತ್ತವನ್ನು ಬೇರೆ ಖಾತೆಗೆ ಹಾಕಿಡಿ. ಚಾಲ್ತಿ ಖಾತೆಯಲ್ಲಿ ಬಿಟ್ಟರೆ ನೂಲು, ಬಟ್ಟೆಯ ಬಿಲ್ಲುಗಳಿಗೆ ಕರಗಿಹೋಗುತ್ತದೆ.

ಇಎಸ್‌ಐನಲ್ಲಿ ಒಂದು ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಇದ್ದರಷ್ಟೇ ಕಾಯಿಲೆ ಬಿದ್ದವರಿಗೆ ವೇತನದ ಶೇ 70ರಷ್ಟು ನೆರವು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ನೀವು ವಿವರ ತುಂಬುವಾಗ ಯಾರದೋ ಹಾಜರಿ ದಿನ ಕಡಿಮೆ ನಮೂದಿಸಿದರೆ ಆ ಸವಲತ್ತೇ ಕೈತಪ್ಪಬಹುದು. ಆದ್ದರಿಂದ ವಿವರ ಕಳಿಸುವ ಮೊದಲು ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬೊಬ್ಬರ ಹೆಸರನ್ನೂ ತಾಳೆ ನೋಡಿ.