ಕಂಪ್ಯೂಟರ್ ಬಿಟ್ಟು ಗೆರಸೆ ಹಿಡಿದೆವು: ಸ್ಕಿಜೋಫ್ರೇನಿಯಾ ಇರುವವರಿಗೆ ಯೋಚನೆ, ಭಾವನೆಯ ತರಬೇತಿ

"ಅಡಿಕೆ ಆಯಿಸುವುದು ಕೂಲಿ ಕೆಲಸ, ಅದಕ್ಕೆ ಚಿಕಿತ್ಸೆ ಎಂಬ ಹೆಸರು ಯಾಕೆ?" ಇದೇ ಕ್ಷೇತ್ರದ ನಾಲ್ಕೈದು ಮಂದಿ ಹೀಗೆ ಕೇಳಿದ್ದರು. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರಿಗೆ ಅಡಿಕೆ ಆಯಿಸಿ ಗಮನ, ನೆನಪು ಪಳಗಿಸುವ ತರಬೇತಿ ನಮ್ಮದು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಡೇ ಕೇರ್‌ನಲ್ಲಿ ಈಗ ಇದರ ಮೂರು ತಂಡ ಮುಗಿದಿವೆ, ಒಟ್ಟು ಹದಿನಾಲ್ಕು ಜನ. ಕೊನೆಯವರೆಗೆ ನಿಂತವರು ಒಂಬತ್ತು. ಅವರಲ್ಲಿ ಐವರು ಈಗ ಒಬ್ಬರೇ ಬಸ್ಸು ಹತ್ತಿ ಪೇಟೆಗೆ ಹೋಗಿ ಬರುತ್ತಾರೆ. ಕೇಳಿದವರಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಮಾತ್ರೆ ತೆಗೆದುಕೊಂಡರೆ ಇಲ್ಲದ ಧ್ವನಿ ಕೇಳುವುದು, ಸಂಶಯ ಇವು ತಗ್ಗುತ್ತವೆ. ಗಮನ, ನೆನಪು, ಕೆಲಸದ ವೇಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು ಮಾತ್ರ ಹೆಚ್ಚಿನವರಲ್ಲಿ ಹಾಗೆಯೇ ಉಳಿಯುತ್ತದೆ. ಮನೆಯವರು ಅದಕ್ಕೆ "ಉದಾಸೀನ" ಎನ್ನುತ್ತಾರೆ. ನಮ್ಮ ಕಡೆ ಆ ಮಾತಿಗೆ ಸೋಮಾರಿತನ ಎಂದೇ ಅರ್ಥ. ಈ ಒಂದು ಮಾತನ್ನು ಮನೆಯಿಂದ ಹೊರಹಾಕಲು ನಮಗೆ ತರಬೇತಿಯಷ್ಟೇ ದಿನ ಬೇಕಾಯಿತು. ಬೈಗುಳ, ಟೀಕೆ ಹೆಚ್ಚಿರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು. ಹಾಗಾಗಿ ಆ ದಿನಗಳು ದಂಡವಾಗಲಿಲ್ಲ.

ಮೊದಲು ಕೈ ಸುಟ್ಟುಕೊಂಡದ್ದು ಕಂಪ್ಯೂಟರಿನಲ್ಲಿ. ಸೆಕೆಂಡ್ ಹ್ಯಾಂಡ್ ಎರಡು, ಯುಪಿಎಸ್ ಸೇರಿ ಮೂವತ್ತೈದು ಸಾವಿರದ ಹತ್ತಿರ ಹೋಯಿತು. ಚೌಕ ಬಂದಾಗ ಬಟನ್ ಒತ್ತುವಂಥ ಆಟಗಳು. ಎರಡು ತಿಂಗಳಲ್ಲಿ ಎಲ್ಲರ ಅಂಕವೂ ಏರಿತು. ಅಂಗಡಿಗೆ ಕಳಿಸಿದರೆ ಐದು ಸಾಮಾನಿನಲ್ಲಿ ಎರಡೇ ಬರುತ್ತಿತ್ತು, ಮೊದಲಿನ ಹಾಗೆಯೇ. ಆಟ ಪಳಗಿತ್ತು, ಅಷ್ಟೇ. ಇಂಥ ಅಭ್ಯಾಸವನ್ನು ಪುನರ್ವಸತಿಯ ಜತೆ ಸೇರಿಸಿದಾಗಲೇ ದಿನನಿತ್ಯದ ಬದುಕಿಗೆ ಫಲ ಹೆಚ್ಚು ಎಂದು ಸಂಶೋಧಕರಾದ ಸೂಸಾನ್ ಮ್ಯಾಕ್‌ಗರ್ಕ್ 2007ರಲ್ಲಿ, ಟಿಲ್ ವೈಕ್ಸ್ 2011ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ತೋರಿಸಿದ್ದರು. ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ನಿಮ್ಹಾನ್ಸ್‌ನ ಗಮನ, ನೆನಪಿನ ಮರುತರಬೇತಿಯಲ್ಲಿ ಧಾನ್ಯ ಆಯುವ ಕೆಲಸ ಹಿಂದಿನಿಂದಲೂ ಇದೆ. ನಾವು ಧಾನ್ಯ ತೆಗೆದು ಅಡಿಕೆ ಹಾಕಿದೆವು. ಇಲ್ಲಿ ಮನೆಮನೆಯಲ್ಲೂ ಇರುವ ವಸ್ತು. ಕಲಿತದ್ದು ಸಂಜೆಯೇ ಜಗಲಿಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಲೆಕ್ಕ.

ಗೆರಸೆಗೆ ಎಣಿಸಿ 100 ಸುಲಿದ ಅಡಿಕೆ. ಮೊದಲ ವಾರ ಎರಡೇ ಜಾತಿ, ಒಳ್ಳೆಯದು ಮತ್ತು ಕರಿಗೋಟು, ಅಂದರೆ ಕಪ್ಪಾದ ಹಾಳು ಅಡಿಕೆ. ಕರಿಗೋಟು ದೂರದಿಂದಲೇ ಗೊತ್ತಾಗುತ್ತದೆ, ತಪ್ಪಾಗುವುದಕ್ಕೆ ಎಡೆಯಿಲ್ಲ. ಬೇಕಾದದ್ದೂ ಅದೇ. ಈ ಕಾಯಿಲೆಯಲ್ಲಿ ಒಮ್ಮೆ ಆದ ತಪ್ಪು ಸರಿಯುತ್ತರದಷ್ಟೇ ಗಟ್ಟಿಯಾಗಿ ಕೂತುಬಿಡುತ್ತದೆ. "ತಪ್ಪಿ ಕಲಿಯಲಿ" ಎಂದು ಬಿಟ್ಟರೆ ತಪ್ಪನ್ನೇ ಕಲಿಯುತ್ತಾರೆ. 100ರಲ್ಲಿ 95 ಸರಿಯಾಗದೆ ಮೆಟ್ಟಿಲು ಏರಿಸಬೇಡಿ. ಮೂರನೇ ವಾರ ಪಟೋರ, ಐದನೇ ವಾರ ಉಳ್ಳಿಗಡ್ಡೆ ಎಂಬ ಅಡಿಕೆಯ ಜಾತಿಗಳು. ಇವಕ್ಕೆ ಕಣ್ಣು ಸಾಲದು, ಕೈಯಲ್ಲಿ ತಿರುಗಿಸಿ ನೋಡಬೇಕು. ಗಮನ ಉಳಿಯುವುದು ಈ ತಿರುಗಿಸುವುದರಲ್ಲಿ.

ಏಳನೇ ವಾರದಿಂದ ಹೊರಳಿಕೆ. ಹತ್ತು ನಿಮಿಷ ಜಾತಿ ನೋಡಿ ಆಯಬೇಕು, ಗಂಟೆ ಬಾರಿಸಿದೊಡನೆ ಗಾತ್ರ ನೋಡಿ, ಮತ್ತೆ ಜಾತಿ. ಎಲ್ಲರೂ ಎಡವಿದ್ದು ಇಲ್ಲಿಯೇ, ಹಳೆಯ ನಿಯಮವನ್ನೇ ಹಿಡಿದು ಹೋಗುತ್ತಾರೆ. ನಿಯಮವನ್ನು ಬಾಯಲ್ಲಿ ಹೇಳಿಸುತ್ತಾ ಆಯಿಸಿದೆವು: ಮೊದಲು ಗಟ್ಟಿಯಾಗಿ, ಆಮೇಲೆ ಪಿಸುಮಾತಿನಲ್ಲಿ, ಕೊನೆಗೆ ಮನಸ್ಸಿನಲ್ಲಿ. ಕೊನೆಯ ಮೂರು ವಾರ ಆಯುತ್ತಲೇ ಕರಿಗೋಟಿನ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು.  

ತರಬೇತಿ ಶುರುವಾಗುವ ಮುಂಚೆ 100ಕ್ಕೆ ಹದಿನೆಂಟು ನಿಮಿಷ, ಇಪ್ಪತ್ತರ ಹತ್ತಿರ ತಪ್ಪು. ಹನ್ನೆರಡು ವಾರದ ಬಳಿಕ ಒಂಬತ್ತು ಹತ್ತು ನಿಮಿಷ, ತಪ್ಪು ಮೂರೋ ನಾಲ್ಕೋ. ನಮಗೆ ಇದಕ್ಕಿಂತ ದೊಡ್ಡದು ಅಂಗಡಿಯ ಲೆಕ್ಕ: ಐದು ಸಾಮಾನಿನಲ್ಲಿ ನಾಲ್ಕು ಬರತೊಡಗಿತು. ಕಂಪ್ಯೂಟರ್ ಕೊಡದೇ ಹೋದದ್ದು ಇದು.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ವ್ಯಾಪಾರಿಯ ಅಡಿಕೆ ತಂದು ಕಿಲೋ ಲೆಕ್ಕದಲ್ಲಿ ಕೂಲಿ ಕೊಡಲು ಹೋದೆವು. ಅವಸರಕ್ಕೆ ತಪ್ಪು ಇಮ್ಮಡಿಯಾಯಿತು, ಒಂದು ಗೋಣಿ ಅಡಿಕೆ ಕಲಸುಮೇಲೋಗರವಾಗಿ ಎರಡು ಸಾವಿರ ನಾವೇ ತೆತ್ತೆವು. ಈಗ ತರಬೇತಿಯ ಅಡಿಕೆ ನಮ್ಮದೇ, ಆಯ್ದದ್ದನ್ನು ಮತ್ತೆ ಕಲಸುತ್ತೇವೆ. ಬರುವವರಿಗೆ ದಿನಕ್ಕಿಷ್ಟು ಎಂದು ಬಸ್ ಚಾರ್ಜು, ಚಹಾ. ಮಾರುವ ಅಡಿಕೆ ಆಯುವುದಿದ್ದರೆ ತರಬೇತಿ ಮುಗಿದ ಮೇಲೆ, ಪೇಟೆಯ ಕೂಲಿಗೇ. ಅರ್ಧ ಕೂಲಿಗೆ ಇವರನ್ನು ಕೇಳಿಕೊಂಡು ಬಂದವರಿದ್ದಾರೆ, ವಾಪಸು ಕಳಿಸಿದ್ದೇವೆ.

ಇಬ್ಬರಲ್ಲಿ ಎಷ್ಟು ಮಾಡಿದರೂ ನೆನಪು ಏರಲಿಲ್ಲ. ಡಾಕ್ಟರ ಔಷಧದ ಚೀಟಿ ನೋಡಿದರೆ ಕೈನಡುಕಕ್ಕೆಂದು ಶುರುವಾದ ಟ್ರೈಹೆಕ್ಸಿಫೆನಿಡಿಲ್ ವರ್ಷಗಟ್ಟಲೆ ಮುಂದುವರಿದಿತ್ತು. ಅದು ನೆನಪನ್ನು ಕುಂದಿಸುವ ಮಾತ್ರೆ. ಡಾಕ್ಟರಿಗೆ ತೋರಿಸಿದೆವು, ಅವರು ನಿಧಾನವಾಗಿ ಇಳಿಸಿದರು, ಫರಕು ಕಂಡಿತು. ನೀವಾಗಿ ನಿಲ್ಲಿಸಲು ಹೇಳಬೇಡಿ. ಚೀಟಿಯನ್ನು ಮಾತ್ರ ಮೊದಲ ದಿನವೇ ನೋಡಿ.

ಇನ್ನು ಮುಖ ಓದುವುದು. ಮುಖದ ಭಾವ ಗುರುತಿಸುವುದನ್ನು ಅಳೆಯುವ ನಿಮ್ಹಾನ್ಸ್‌ನವರ ಟ್ರೆಂಡ್ಸ್ ಪರೀಕ್ಷೆಯಲ್ಲಿ ಭಾರತೀಯ ಮುಖಗಳೇ ಇವೆ, ಅಳೆಯಲು ಒಳ್ಳೆಯದು. ಕಲಿಸಲು ನಾವು ಮೊಬೈಲಿನಲ್ಲಿ ಹತ್ತು ಸೆಕೆಂಡಿನ ತುಣುಕುಗಳನ್ನು ತೆಗೆದೆವು. ಕಂಡಕ್ಟರ್, ರೇಷನ್ ಅಂಗಡಿಯವರು, ನಾದಿನಿ, ಎಲ್ಲ ಪಾತ್ರವೂ ನಮ್ಮ ಸಿಬ್ಬಂದಿಯದೇ. ನಗು ಮೊದಲು, ಆಮೇಲೆ ದುಃಖ, ಕೋಪ, ಹೆದರಿಕೆ ಕೊನೆಗೆ. ಹೆಚ್ಚು ದಿನ ಬೇಡಿದ್ದು ಏನೂ ಇಲ್ಲದ ಸುಮ್ಮನಿರುವ ಮುಖ. ಅದನ್ನು ಕೋಪವೆಂದೇ ಓದುತ್ತಾರೆ. ನೋಟ ಮುಖದ ಒಂದೆರಡು ಕಡೆ ನಿಂತುಬಿಡುತ್ತದೆ, ಕಣ್ಣಿನ ಸುತ್ತ ಸುಳಿಯುವುದು ಕಡಿಮೆ. ಪರದೆಯ ಮೇಲೆ ಬೆರಳಿಟ್ಟು ಹುಬ್ಬು, ಕಣ್ಣು, ಬಾಯಿ ಎಂದು ಇದೇ ಕ್ರಮದಲ್ಲಿ ನೋಡಿಸಿ, ಆಮೇಲೆ ಹೆಸರು ಹೇಳಿಸಿದೆವು. ಯಕ್ಷಗಾನದ ವೇಷದ ಮುಖಗಳನ್ನೂ ಇಟ್ಟು ನೋಡಿದೆವು. ಖುಷಿಯಿಂದ ನೋಡಿದರು, ರೌದ್ರ, ಶೋಕ ಎಲ್ಲ ಸರಿ ಹೇಳಿದರು. ಆದರೆ ಬಣ್ಣದ ಮುಖದ ದೊಡ್ಡ ಭಾವ ಓದಲು ಬಂದರೆ ಅಡುಗೆಮನೆಯ ಅಮ್ಮನ ಸಣ್ಣ ಬೇಸರ ಓದಲು ಬರುತ್ತದೆ ಎಂದಿಲ್ಲ. ಕೈಬಿಟ್ಟೆವು.

ಅವಸರದ ತೀರ್ಮಾನ ತಡೆಯಲು ಎರಡು ಭರಣಿಗಳು. ಒಂದರಲ್ಲಿ 85 ಕಪ್ಪು, 15 ಬಿಳಿ ಹುಣಸೆಬೀಜ, ಇನ್ನೊಂದರಲ್ಲಿ ತಿರುಗುಮುರುಗು. ಕಾಣದಂತೆ ಒಂದೊಂದೇ ಬೀಜ ತೆಗೆದು ತೋರಿಸಿ, ಯಾವ ಭರಣಿ ಎಂದು ಕೇಳುವುದು. ಒಂದೆರಡು ಬೀಜಕ್ಕೇ ಖಡಾಖಂಡಿತ ಹೇಳಿಬಿಡುತ್ತಾರೆ. ನಾಲ್ಕು ಬೀಜದವರೆಗೆ ಬಾಯಿ ಬಿಡಬಾರದು ಎಂಬ ನಿಯಮ ಹಾಕಿ ಆಡಿಸಿದೆವು, ಆಮೇಲೆ ಅದನ್ನೇ ಬಸ್ಸಿಗೆ ತಂದೆವು: ಕಂಡಕ್ಟರ್ ಮುಖ ಗಂಟಿಕ್ಕಿದರೆ ಮೂರು ಕಾರಣ ಹೇಳದೆ ತೀರ್ಮಾನ ಇಲ್ಲ. "ಚಿಲ್ಲರೆ ಇರಲಿಕ್ಕಿಲ್ಲ" ಎಂದು ಒಬ್ಬರು ತಾವಾಗಿ ಹೇಳಿದ ದಿನ ನಮ್ಮ ಪಾಲಿಗೆ ದೊಡ್ಡದು. ಬೀಜಕ್ಕೆ ಸುಣ್ಣ ಬಳಿಯಬೇಡಿ, ಬೆರಳಿಗೆ ಹತ್ತಿ ಕಪ್ಪು ಬೀಜವೂ ಬಿಳಿಯಾಗುತ್ತದೆ. ಎನಾಮಲ್ ಪೇಂಟೇ ಸರಿ.

ಬಸ್ಸಿನ ಮಾತು ಬಂತು. ಇಲ್ಲಿ ಬೋರ್ಡು ಮಲಯಾಳದಲ್ಲಿ, ಓದಿದ್ದು ಕನ್ನಡ, ಮನೆಮಾತು ತುಳುವೋ ಹವ್ಯಕವೋ. ಅಕ್ಷರ ಕಲಿಸಲು ಹೋಗಿ ಸೋತೆವು. ಬೇಕಾದ ಮೂರು ಊರುಗಳ ಹೆಸರನ್ನು ಚಿತ್ರದ ಹಾಗೆ ಕಾರ್ಡಿನಲ್ಲಿ ಬರೆದು ಕಿಸೆಯಲ್ಲಿ ಇಡಿಸಿದೆವು, ಬೋರ್ಡಿಗೆ ಹಿಡಿದು ತಾಳೆ ನೋಡಿದರೆ ಸಾಕು. ನೆನಪಿನ ಪರೀಕ್ಷೆಗೆ ಓದುವ ಪದಪಟ್ಟಿಯೂ ಮನೆಮಾತಿನಲ್ಲೇ ಇರಲಿ. ಪುಸ್ತಕದ ಕನ್ನಡದಲ್ಲಿ ಓದಿದರೆ ಸಿಗುವುದು ಭಾಷೆಯ ಅಂಕ, ನೆನಪಿನದ್ದಲ್ಲ.

ಮುಖದಲ್ಲಿ ಭಾವ ಕಾಣದಿದ್ದರೆ ಒಳಗೂ ಇಲ್ಲ ಎಂದು ಮನೆಯವರು ತಿಳಿಯುತ್ತಾರೆ. ಹಾಗಲ್ಲ. ಆ ಹೊತ್ತಿನ ಸಂತೋಷ ಅವರಿಗೂ ಆಗುತ್ತದೆ, ಆಗುವುದೆಂಬ ನಿರೀಕ್ಷೆ ಮಾತ್ರ ಹುಟ್ಟುವುದಿಲ್ಲ. ಆದ್ದರಿಂದಲೇ ಏಳುವುದಿಲ್ಲ. ಕೆರೆಗೆ ಹೋಗುವ ಮುಂಚೆ ಎಷ್ಟು ಖುಷಿಯಾದೀತು ಎಂದು ಹತ್ತರಲ್ಲಿ ಅಂಕ ಬರೆಸಿ, ಬಂದ ಮೇಲೆ ಇನ್ನೊಮ್ಮೆ ಬರೆಸಿ. ಮುಂಚೆ 2, ಆಮೇಲೆ 6. ಮುಂದಿನ ಸಲ ಹೊರಡುವಾಗ ಆ 6 ಇರುವ ಕಾರ್ಡನ್ನು ಅವರಿಂದಲೇ ಓದಿಸಿ. ಗದರಿಸಿ ಎಬ್ಬಿಸುತ್ತಿದ್ದ ತಾಯಂದಿರು ಈಗ ಕಾರ್ಡು ತೋರಿಸಿ ಎಬ್ಬಿಸುತ್ತಾರೆ.

ಮಳೆಗಾಲದಲ್ಲಿ ಶುರುಮಾಡುವವರು ಅಡಿಕೆ ಇಡಬೇಡಿ. ಬೂಷ್ಟು ಹಿಡಿದರೆ ಜಾತಿ ಗೊತ್ತಾಗುವುದಿಲ್ಲ, ಕಲಿತದ್ದೂ ಕಲಸಿಹೋಗುತ್ತದೆ. ಜೂನ್‌ನಿಂದ ಗೇರುಬೀಜ ಇಡಿ, ಅಡಿಕೆಗೆ ಡಿಸೆಂಬರ್ ಕಳೆಯಲಿ.