ಮುಂಬಯಿಯಲ್ಲಿ ಕುಳಿತು ಊರಿನ ಮನೆಗೆ ಹೂವು ತಲುಪಿಸುವುದು ಹೇಗೆ?

ಡೊಂಬಿವಲಿ, ಮುಲುಂಡ್, ಭಾಂಡುಪ್‌ಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರ ತಂದೆತಾಯಿ ಇಂದಿಗೂ ಕಾರ್ಕಳ, ಕುಂದಾಪುರ, ಮೂಡುಬಿದಿರೆಯಂಥ ಸಣ್ಣ ಪೇಟೆಗಳಲ್ಲಿಯೇ ಇದ್ದಾರೆ. ಅಮ್ಮನ ಎಪ್ಪತ್ತನೆಯ ಹುಟ್ಟುಹಬ್ಬವೋ ತಂಗಿಯ ಸೀಮಂತವೋ ಬಂದು, ರಜೆ ಸಿಗದೆ ಹೋದಾಗ, ನಮ್ಮ ಪರವಾಗಿ ಹೂವಾದರೂ ಆ ಮನೆಯ ಜಗಲಿ ಹತ್ತಲಿ ಎಂದು ಮನಸ್ಸಾಗುತ್ತದೆ. ಆಗ ಹೆಚ್ಚಿನವರು ಮೊಬೈಲಿನಲ್ಲಿ ಊರಿನ ಹೆಸರು ಹಾಕಿ ಹುಡುಕಿ, ಮೊದಲು ಕಂಡ ಜಾಲತಾಣದಲ್ಲಿ ಚಿತ್ರ ನೋಡಿ ಹಣ ಕಟ್ಟಿಬಿಡುತ್ತಾರೆ. ನಾನೂ ಒಮ್ಮೆ ಹಾಗೆಯೇ ಮಾಡಿದೆ. ಚಿತ್ರದಲ್ಲಿದ್ದದ್ದು ಐವತ್ತು ನಸುಗೆಂಪು ಗುಲಾಬಿ. ಅಮ್ಮನ ಕೈಗೆ ಬಂದದ್ದು ಹನ್ನೆರಡು ಕೆಂಪು ಗುಲಾಬಿ, ಅದೂ ಮರುದಿನ, ಅದೇ ಹೆಸರಿನ ಇನ್ನೊಂದು ಮನೆಯನ್ನು ಸುತ್ತಿಕೊಂಡು. “ಯಾರದ್ದೋ ಮದುವೆಯಲ್ಲಿ ಉಳಿದದ್ದು ಕಾಣ್ತದೆ ಮಗಾ, ಬಾಗಿಲಲ್ಲಿ ಇಟ್ಟು ಹೋಗಿದ್ದಾರೆ” ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ, ಅದನ್ನು ಕಳುಹಿಸಿದವನು ನಾನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ತಪ್ಪು ಎಲ್ಲಿ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ಸುಲಭ. ದೇಶದಾದ್ಯಂತ ಹೂವು ತಲುಪಿಸುತ್ತೇವೆ ಎನ್ನುವ ಜಾಲತಾಣಗಳಿಗೆ ಸಣ್ಣ ಪೇಟೆಗಳಲ್ಲಿ ಸಾಮಾನ್ಯವಾಗಿ ಸ್ವಂತ ಅಂಗಡಿ ಇರುವುದಿಲ್ಲ. ಅವರು ನಿಮ್ಮ ಹಣದಲ್ಲಿ ತಮ್ಮ ಪಾಲನ್ನು ಇಟ್ಟುಕೊಂಡು, ಬೇಡಿಕೆಯನ್ನು ಆ ಪೇಟೆಯ ಅಥವಾ ಹತ್ತಿರದ ನಗರದ ಯಾವುದೋ ಅಂಗಡಿಗೆ ದಾಟಿಸುತ್ತಾರೆ. ಈ ಪದ್ಧತಿ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. 1910ರಲ್ಲಿಯೇ ಅಮೆರಿಕದ ಕೆಲವು ಹೂವಿನ ವ್ಯಾಪಾರಿಗಳು ಒಂದುಗೂಡಿ, ಒಂದು ಊರಿನ ಬೇಡಿಕೆಯನ್ನು ಇನ್ನೊಂದು ಊರಿನ ಅಂಗಡಿಗೆ ಟೆಲಿಗ್ರಾಫಿನ ಮೂಲಕ ಕಳುಹಿಸುವ ವ್ಯವಸ್ಥೆ ಮಾಡಿಕೊಂಡಿದ್ದರು. ವ್ಯವಸ್ಥೆಯಲ್ಲಿ ದೋಷವಿಲ್ಲ, ಆದರೆ ಚಿತ್ರ ತೋರಿಸಿದವರೊಬ್ಬರು ಮತ್ತು ಹೂವು ಕಟ್ಟುವವರು ಇನ್ನೊಬ್ಬರು ಆದಾಗ, ಚಿತ್ರದಲ್ಲಿರುವ ಹೂವು ಆ ದಿನ ಆ ಪೇಟೆಯಲ್ಲಿ ಇದೆಯೇ ಎಂದು ಯಾರೂ ಕೇಳಿರುವುದಿಲ್ಲ. ಆದ್ದರಿಂದ ಊರಿನ ಅಂಗಡಿಯವರೊಡನೆ ನೇರವಾಗಿ ಮಾತನಾಡುವುದೇ ಸರಿಯಾದ ದಾರಿ ಎಂಬುದು ನನ್ನ ಅನುಭವ.

ಅಂಗಡಿಯನ್ನು ಹಿಡಿಯುವುದು

ಮೊದಲ ಹೆಜ್ಜೆ, ಅಂಗಡಿಯ ಫೋನ್ ನಂಬರು ಸಂಪಾದಿಸುವುದು. ಸಣ್ಣ ಪೇಟೆಯ ಹೂವಿನ ಅಂಗಡಿಗಳು ಬಸ್ ನಿಲ್ದಾಣದ ಬಳಿಯಲ್ಲೋ ದೇವಸ್ಥಾನದ ಬೀದಿಯಲ್ಲೋ ಇರುತ್ತವೆ. ಅಲ್ಲಿಗೆ ಹೋಗಿಬರುವ ಭಾವನಿಗೋ ಚಿಕ್ಕಮ್ಮನ ಮಗನಿಗೋ ಹೇಳಿ ಬೋರ್ಡಿನ ಫೋಟೊ ತರಿಸಿಕೊಂಡರೆ ಸಾಕು. ಕರೆ ಮಾಡುವ ಹೊತ್ತನ್ನೂ ಗಮನಿಸಬೇಕು. ಬೆಳಗಿನ ಪೂಜೆಯ ಗಿರಾಕಿಗಳು ಮುಗಿಬಿದ್ದಿರುವಾಗ ಅವರಿಗೆ ನಿಮ್ಮ ಮಾತು ಕೇಳಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರುವುದೂ ಉಂಟು. ಹನ್ನೊಂದು ಗಂಟೆಯ ಸುಮಾರು ಅಥವಾ ಸಂಜೆ ನಾಲ್ಕರ ಬಳಿಕ ಮಾತನಾಡಿದರೆ ಸಮಾಧಾನದಿಂದ ಉತ್ತರ ಸಿಗುತ್ತದೆ. ತುಳು ಬರುವವರು ತುಳುವಿನಲ್ಲಿಯೇ ಶುರುಮಾಡಿ, ‘ಇಂಥವರ ಮಗ, ಮುಂಬಯಿಯಿಂದ ಮಾತನಾಡುತ್ತಿದ್ದೇನೆ’ ಎಂದು ಮನೆಯ ಗುರುತು ಹೇಳಿದರೆ ವಿಳಾಸದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಏನನ್ನು ಕೇಳಬೇಕು

‘ಈ ಚಿತ್ರದಲ್ಲಿರುವಂಥದ್ದು ಬೇಕು’ ಎನ್ನುವ ಬದಲು ‘ಆ ದಿನಕ್ಕೆ ನಿಮ್ಮಲ್ಲಿ ಚೆನ್ನಾಗಿ ಸಿಗುವ ಹೂವು ಯಾವುದು’ ಎಂದು ಕೇಳುವುದು ಎರಡನೆಯ ಹೆಜ್ಜೆ. ಕರಾವಳಿಯ ಪೇಟೆಯಲ್ಲಿ ಹೂವು ಎರಡು ಕಡೆಯಿಂದ ಬರುತ್ತದೆ. ಮಲ್ಲಿಗೆ, ಜಾಜಿ, ಅಬ್ಬಲಿಗೆ, ಹಿಂಗಾರ (ಅಡಕೆಯ ಹೂಗೊಂಚಲು), ತುಳಸಿ ಇವು ಸುತ್ತಲಿನ ಹಳ್ಳಿಗಳ ಮನೆಯಂಗಳದಿಂದ ಮತ್ತು ತೋಟಗಳಿಂದ ಬರುತ್ತವೆ. ಉದ್ದ ದಂಟಿನ ಗುಲಾಬಿ, ಜರ್ಬೆರಾ, ಕಾರ್ನೇಶನ್, ಆರ್ಕಿಡ್‌ಗಳು ಬಹುಪಾಲು ಬೆಂಗಳೂರಿನ ಮಾರುಕಟ್ಟೆಯಿಂದ ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಬರಬೇಕು. ಅವನ್ನು ಅಂಗಡಿಯವರು ಮದುವೆಯ ಅಲಂಕಾರಕ್ಕೆಂದು ತರಿಸುತ್ತಾರೆಯೇ ಹೊರತು ದಿನವೂ ದಾಸ್ತಾನು ಇಡುವುದಿಲ್ಲ. ಹೂಗುಚ್ಛವೇ ಬೇಕೆಂದಿದ್ದರೆ ಎರಡು ಮೂರು ದಿನ ಮುಂಚಿತವಾಗಿ ಹೇಳಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಗುಲಾಬಿಯೂ ಅಲ್ಲಿಯೇ ನಿಲ್ಲುತ್ತದೆ ಎಂಬುದು ನೆನಪಿರಲಿ.

ಹಿರಿಯರಿರುವ ಮನೆಗೆ ಮಲ್ಲಿಗೆಯೇ ಮೇಲು ಎಂದು ನಾನು ಹೇಳುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುಲಾಬಿಯನ್ನು ಏನು ಮಾಡಬೇಕೆಂದು ನಮ್ಮ ಅಮ್ಮಂದಿರಿಗೆ ತಿಳಿಯದೆ ಅದು ಟಿ.ವಿ. ಪಕ್ಕದಲ್ಲಿ ಬಾಡುತ್ತದೆ. ಮಲ್ಲಿಗೆಯಾದರೆ ದೇವರ ಪಟಕ್ಕೆ, ಮುಡಿಗೆ, ನೆರೆಮನೆಗೆ ಹಂಚಿಹೋಗುತ್ತದೆ. ಉಡುಪಿ ಮಲ್ಲಿಗೆ, ಅಂದರೆ ಶಂಕರಪುರ ಮಲ್ಲಿಗೆ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹೂವು. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ ಅದನ್ನು ಕಳುಹಿಸುತ್ತಾರೆ.

ಇಲ್ಲಿ ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂಬಯಿಯಲ್ಲಿ ಬೆಳೆದ ಮಕ್ಕಳು ಎಡವುವುದು ಇಲ್ಲಿಯೇ. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಗಜ್ರಾ, ವೇಣಿ ಎಂದು ಕೇಳಿ ಅಭ್ಯಾಸವಾದವರಿಗೆ ಊರಿನ ಲೆಕ್ಕ ಬೇರೆಯೇ ಎನಿಸುತ್ತದೆ. ಮೈಸೂರು, ಬೆಂಗಳೂರಿನ ಕಡೆ ಕಟ್ಟಿದ ಹೂವನ್ನು ಮೊಳದಲ್ಲಿಯೂ ಮಾರಿನಲ್ಲಿಯೂ ಅಳೆಯುತ್ತಾರೆ. ಮೊಣಕೈಯಿಂದ ಬೆರಳ ತುದಿಯವರೆಗಿನದ್ದು ಮೊಳ, ಚಾಚಿದ ಎರಡು ತೋಳುಗಳಷ್ಟು ಉದ್ದ ಮಾರು. ಉಡುಪಿಯ ಕಡೆ ಶಂಕರಪುರ ಮಲ್ಲಿಗೆಗೆ ಚೆಂಡು ಮತ್ತು ಅಟ್ಟೆಯ ಲೆಕ್ಕ. ಸುಮಾರು 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200 ಹೂವು. ಬಳಗದ ಹುಡುಗನೊಬ್ಬ ಮರಾಠಿಯ ‘ಝೆಂಡು’ವನ್ನು ಮನಸ್ಸಿನಲ್ಲಿಟ್ಟುಕೊಂಡು ‘ನಾಲ್ಕು ಚೆಂಡು ಕೊಡಿ’ ಎಂದು ಹೇಳಿದ್ದ. ಅವನಿಗೆ ಬೇಕಾಗಿದ್ದದ್ದು ಬಾಗಿಲಿಗೆ ಕಟ್ಟುವ ಹಳದಿ ಹೂವು, ಮನೆಗೆ ಬಂದದ್ದು ಒಂದು ಅಟ್ಟೆ ಮಲ್ಲಿಗೆ ಮತ್ತು ಅದರ ಬಿಲ್ಲು. ಆ ಹಳದಿ ಹೂವಿಗೆ ಕರಾವಳಿಯಲ್ಲಿ ಗೊಂಡೆ ಎನ್ನಬೇಕು. ಹಾಗೆಯೇ ಇಲ್ಲಿನ ಮೋಗರಾ ಅಲ್ಲಿ ಮಲ್ಲಿಗೆ, ಇಲ್ಲಿನ ಅಬೋಲಿ ಅಲ್ಲಿ ಅಬ್ಬಲಿಗೆ, ಇಲ್ಲಿನ ನಿಶಿಗಂಧ ಅಲ್ಲಿ ಸುಗಂಧರಾಜ. ಒಬ್ಬರು ಮುಡಿಯಲು ಮತ್ತು ದೇವರಿಗೆ ಒಂದು ಚೆಂಡು ಧಾರಾಳವಾಗುತ್ತದೆ, ಸೀಮಂತದಂಥ ಕಾರ್ಯಕ್ಕೆ ಬಂದ ಹೆಂಗಸರಿಗೆಲ್ಲ ಕೊಡಬೇಕಾದರೆ ಅಟ್ಟೆಯ ಲೆಕ್ಕಕ್ಕೆ ಹೋಗಬೇಕು.

ದಿನ ಮತ್ತು ದರ

ಮಲ್ಲಿಗೆಯ ದರ ದಿನದಿನವೂ ಬದಲಾಗುತ್ತದೆ. ಆದ್ದರಿಂದ ಒಂದು ವಾರ ಮುಂಚೆ ‘ಎಷ್ಟಾಗುತ್ತದೆ’ ಎಂದು ಕೇಳಿದರೆ ಪ್ರಾಮಾಣಿಕ ವ್ಯಾಪಾರಿ ನಿಶ್ಚಿತ ಉತ್ತರ ಕೊಡಲಾರ. ಅಳತೆಯನ್ನು ಮಾತ್ರ ಗೊತ್ತುಮಾಡಿಕೊಂಡು, ‘ಆ ದಿನದ ದರ ಕೊಡುತ್ತೇನೆ, ಇಷ್ಟು ರೂಪಾಯಿ ದಾಟಿದರೆ ಒಂದು ಮಾತು ಕೇಳಿ’ ಎಂದು ಹೇಳಿಡುವುದು ಇಬ್ಬರಿಗೂ ಅನುಕೂಲ. ಬೇಸಗೆಯಲ್ಲಿ ಹೂವು ಹೇರಳ, ಜಡಿಮಳೆಯಲ್ಲಿಯೂ ಚಳಿಯಲ್ಲಿಯೂ ಕಡಿಮೆ. ಮಳೆಯಲ್ಲಿ ನೆನೆದ ಮೊಗ್ಗು ಬೇಗನೆ ಕಂದುತ್ತದೆ. ವರಮಹಾಲಕ್ಷ್ಮೀ ವ್ರತ, ಚೌತಿ, ನವರಾತ್ರಿಯ ದಿನಗಳಲ್ಲಿಯೂ ಮದುವೆಯ ಮುಹೂರ್ತಗಳು ಒಟ್ಟಿಗೆ ಬಿದ್ದ ದಿನಗಳಲ್ಲಿಯೂ ಅಟ್ಟೆಯ ದರ ಎರಡು ಸಾವಿರ ರೂಪಾಯಿ ದಾಟಿದ್ದೂ ಉಂಟು.

ಮುಂಬಯಿಯ ಕ್ಯಾಲೆಂಡರಿನಲ್ಲಿ ಕಾಣದ ದಿನಗಳೂ ಇವೆ. ನಾಗರ ಪಂಚಮಿಯಂದು ತುಳುನಾಡಿನ ಪ್ರತಿ ನಾಗಬನಕ್ಕೂ ಹಿಂಗಾರ ಬೇಕು. ಜನವರಿಯ ಅತ್ತೂರು ಜಾತ್ರೆಯ ದಿನಗಳಲ್ಲಿ ಕಾರ್ಕಳದ ರಸ್ತೆಗಳಲ್ಲಿ ಜನವೋ ಜನ. ಅಂಥ ದಿನ ಅಮ್ಮನ ಹುಟ್ಟುಹಬ್ಬ ಬಿದ್ದರೆ ಹೂವನ್ನು ಹಿಂದಿನ ಸಂಜೆಯೇ ತಲುಪಿಸಲು ಹೇಳುವುದು ಜಾಣತನ. ತುಳುವರ ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮದುವೆಗಳಿಲ್ಲದ ಕಾರಣ ಅಂಗಡಿಯವರಿಗೆ ಬಿಡುವಿರುತ್ತದೆ, ಹೂವು ಇರುತ್ತದೆಯೇ ಎಂಬುದು ಮಾತ್ರ ಮಳೆಯ ಕೈಯಲ್ಲಿ.

ಮನೆ ಬಾಗಿಲಿನವರೆಗೆ

ಮನೆಯ ಹೆಸರು ಮತ್ತು ಪಿನ್ ಕೋಡ್ ಕೊಟ್ಟರೆ ಸಾಲದು. ಒಂದೇ ರಸ್ತೆಯಲ್ಲಿ ಮೂರು ‘ಶ್ರೀ ದುರ್ಗಾ ನಿಲಯ’ಗಳಿರುವ ಊರುಗಳು ನಮ್ಮವು. ಯಾವ ಬಸ್ ಸ್ಟಾಪಿನಲ್ಲಿ ಇಳಿಯಬೇಕು, ಭಜನಾ ಮಂದಿರದಿಂದ ಎಡಕ್ಕೋ ಬಲಕ್ಕೋ, ಗೇಟಿನ ಬಣ್ಣ ಯಾವುದು ಎಂಬುದನ್ನು ಬರೆದು, ಮನೆಯ ನಂಬರಿನ ಜೊತೆಗೆ ನೆರೆಮನೆಯವರ ಒಂದು ನಂಬರನ್ನೂ ಅವರ ಒಪ್ಪಿಗೆ ಪಡೆದು ಕೊಡಿ, ಏಕೆಂದರೆ ಅಮ್ಮ ತೋಟದಲ್ಲಿದ್ದಾಗ ಮೊಬೈಲು ಅಡುಗೆಮನೆಯಲ್ಲಿರುತ್ತದೆ. ಸಮಯವನ್ನು ‘ಬೆಳಗ್ಗೆ’ ಎಂದಷ್ಟೇ ಹೇಳದೆ ‘ಹತ್ತರಿಂದ ಹನ್ನೊಂದರೊಳಗೆ’ ಎಂದು ಹೇಳಿ.

ಪೇಟೆಯೊಳಗಾದರೆ ಅಂಗಡಿಯ ಹುಡುಗ ಸ್ಕೂಟರಿನಲ್ಲಿಯೋ ಪರಿಚಯದ ರಿಕ್ಷಾದವರೋ ತಲುಪಿಸುತ್ತಾರೆ, ರಿಕ್ಷಾದ ಬಾಡಿಗೆ ಬೇರೆ. ಹಳ್ಳಿಯ ಮನೆಯಾದರೆ ಹೂವಿನ ಕಟ್ಟನ್ನು ಖಾಸಗಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು ಕಳುಹಿಸುವ ನಮ್ಮೂರಿನ ಹಳೆಯ ಕ್ರಮವನ್ನು ಮೀರಿಸುವ ಸೇವೆ ಇನ್ನೂ ಬಂದಿಲ್ಲ. ಬಸ್ಸಿನ ಹೆಸರು ಮತ್ತು ಹೊರಟ ಹೊತ್ತನ್ನು ಅಂಗಡಿಯವರು ತಿಳಿಸುತ್ತಾರೆ, ಮನೆಯಿಂದ ಯಾರಾದರೂ ಸ್ಟಾಪಿಗೆ ಬಂದು ನಿಂತಿರಬೇಕು. ಆದರೆ ಇದಕ್ಕಾಗಿ ಮನೆಯವರಿಗೆ ಮೊದಲೇ ತಿಳಿಸಬೇಕಾಗುವುದರಿಂದ, ಅಚ್ಚರಿ ಪಡಿಸುವ ಆಸೆಯನ್ನು ಬಿಡಬೇಕಾಗುತ್ತದೆ.

ಹಣವನ್ನು ಯುಪಿಐ ಮೂಲಕ ಕಳುಹಿಸುವಾಗ ಪರದೆಯಲ್ಲಿ ಕಾಣುವ ಹೆಸರು ಅಂಗಡಿಯವರದ್ದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಹೊಸ ಪರಿಚಯವಾದರೆ ಸ್ವಲ್ಪ ಮುಂಗಡ, ಉಳಿದದ್ದು ಹೂವು ತಲುಪಿದ ಮೇಲೆ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೂವು ಹೊರಡುವ ಮೊದಲು ಅದರ ಒಂದು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಹೇಳಿ. ಜೊತೆಗೆ ಚೀಟಿ ಇಡಬೇಕಾದರೆ ಒಕ್ಕಣೆಯನ್ನು ಫೋನಿನಲ್ಲಿ ಹೇಳಬೇಡಿ, ಕನ್ನಡದಲ್ಲಿಯೇ ಬರೆದು ಕಳುಹಿಸಿ.

ಕೈ ಸೇರಿದ ಮೇಲೆ

ಹೂಗುಚ್ಛವಾದರೆ ಪ್ಲಾಸ್ಟಿಕ್ ಬಿಚ್ಚಿ, ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು ಇಡಬೇಕು, ನೀರನ್ನು ದಿನವೂ ಬದಲಿಸಬೇಕು. ಬಾಳೆಗೊನೆಯ ಹತ್ತಿರ ಇಡಬಾರದು, ಹಣ್ಣಾಗುವ ಕಾಯಿಯಿಂದ ಹೊರಡುವ ಎಥಿಲೀನ್ ಅನಿಲದಿಂದ ಹೂವು ಬೇಗ ಬಾಡುತ್ತದೆ.

ಮಲ್ಲಿಗೆಯ ವಿಷಯದಲ್ಲಿ ನಮ್ಮ ಅಮ್ಮಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಳೆಲೆ ಬಿಚ್ಚದೆ, ಒದ್ದೆ ಬಟ್ಟೆ ಹೊದಿಸಿ ತಂಪಿನಲ್ಲಿಟ್ಟರೆ ಮೊಗ್ಗು ಮೊಗ್ಗಾಗಿಯೇ ಉಳಿದು ಸಂಜೆಯ ಹೊತ್ತಿಗೆ ಬಿರಿಯುತ್ತದೆ. ಬಿರಿಯುವುದಕ್ಕೆ ಮೊದಲೇ ಅದರಲ್ಲಿ ಒಂದು ತುಂಡು ಎದುರುಮನೆಗೆ, ಒಂದು ತುಂಡು ಹಾಲು ತರುವವಳ ಮುಡಿಗೆ ಹೋಗಿರುತ್ತದೆ. ಆದ್ದರಿಂದ ಲೆಕ್ಕ ಹಾಕುವಾಗ ಒಂದು ಚೆಂಡು ಹೆಚ್ಚೇ ಹೇಳಿ.